ಓಟು ಹಾಳಾಗುವುದು ಯಾವಾಗ?

ಚುನಾವಣೆ ಬಂತೆಂದರೆ ನಮ್ಮ ಊರುಗಳ ಚಹಾದಂಗಡಿಯಲ್ಲಿ, ಗುಡಿಯ ಕಟ್ಟೆಯ ಮೇಲೆ, ಮಸೀದಿಯ ಅಂಗಳದಲ್ಲಿ ಒಂದೇ ಬುದ್ಧಿಮಾತು ಕೇಳಿ ಬರುತ್ತದೆ. ‘ಮನುಷ್ಯ ಒಳ್ಳೆಯವನೇ, ಆದರೆ ಗೆಲ್ಲೋದಿಲ್ಲ. ಅವನಿಗೆ ಹಾಕಿ ಓಟು ಯಾಕೆ ಹಾಳು ಮಾಡ್ತೀರಿ?’ ಈ ಮಾತನ್ನು ಹೇಳುವವರು ಕೆಟ್ಟವರೇನಲ್ಲ. ಹೆಚ್ಚಿನವರು ಮನೆಯ ಹಿರಿಯರು, ದೇವರು ದಿಂಡರೆಂದು ನಡೆಯುವವರು, ಮಾತಿಗೆ ತಪ್ಪಬಾರದೆಂದು ಮಕ್ಕಳಿಗೆ ಕಲಿಸಿದವರು. ಮನೆಯಲ್ಲಿ ನಿಯತ್ತನ್ನು ಕಲಿಸುವ ಈ ಸಂಪ್ರದಾಯಸ್ಥ ಮತದಾರರು ಮತಗಟ್ಟೆಯಲ್ಲಿ ಮಾತ್ರ ಅದನ್ನು ಲೆಕ್ಕಕ್ಕೆ ಇಡಬಾರದೆಂದು ಏಕೆ ತೀರ್ಮಾನಿಸುತ್ತಾರೆ? ಈ ಪ್ರಶ್ನೆಯನ್ನು ಗಾಳಿಯಲ್ಲಿ ತೇಲಿಬಿಡುವ ಬದಲು ಒಂದು ಕ್ಷೇತ್ರದ ಅನುಭವವನ್ನೇ ಮುಂದಿಟ್ಟುಕೊಂಡು ಪರಿಶೀಲಿಸುವುದು ಒಳ್ಳೆಯದು.

ಹಂಪಿಗೆ ಹೋಗುವವರೆಲ್ಲ ಕಮಲಾಪುರವನ್ನು ಬಲ್ಲರು. ವಿಜಯನಗರ ಕಾಲದ ಕೆರೆ, ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ, ಸುತ್ತ ಬಾಳೆ, ಕಬ್ಬು, ಭತ್ತದ ಗದ್ದೆಗಳಿರುವ ಈ ಊರು ವಿಜಯನಗರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದೆ. ಕ್ಷೇತ್ರದ ಕೇಂದ್ರ ಹೊಸಪೇಟೆ. 2008 ಮತ್ತು 2013ರಲ್ಲಿ ಇಲ್ಲಿಂದ ಬಿಜೆಪಿಯ ಆನಂದ್ ಸಿಂಗ್ ಗೆದ್ದರು. 2018ರ ಆರಂಭದಲ್ಲಿ ಅವರು ಕಾಂಗ್ರೆಸ್ ಸೇರಿ ಆ ಪಕ್ಷದಿಂದಲೇ ಸ್ಪರ್ಧಿಸಿದರು. ಆಗ ಬಿಜೆಪಿಯ ಅಭ್ಯರ್ಥಿಯಾಗಿದ್ದವರು ಎಚ್.ಆರ್. ಗವಿಯಪ್ಪ. ಸಿಂಗ್ ಸುಮಾರು ಎಂಟು ಸಾವಿರ ಮತಗಳ ಅಂತರದಲ್ಲಿ ಗೆದ್ದರು. ಪಕ್ಷಾಂತರ ಮಾಡಿದವರನ್ನು ಸೋಲಿಸಬೇಕೆಂದು ಆ ವರ್ಷ ಬಿಜೆಪಿಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಮತ ಕೇಳಿದ್ದರು.

ಒಂದು ವರ್ಷ ಕಳೆಯುವಷ್ಟರಲ್ಲಿ ಚಕ್ರ ಒಂದು ಸುತ್ತು ತಿರುಗಿತು. 2019ರ ಜುಲೈ 1ರಂದು ಸಿಂಗ್ ಶಾಸಕತ್ವಕ್ಕೆ ರಾಜೀನಾಮೆ ಕೊಟ್ಟರು. ಸಂಡೂರು ಸೀಮೆಯ ಮೂರು ಸಾವಿರದ ಆರುನೂರಕ್ಕೂ ಹೆಚ್ಚು ಎಕರೆ ಭೂಮಿಯನ್ನು ಜಿಂದಾಲ್ ಕಂಪೆನಿಗೆ ಮಾರುವುದಕ್ಕೆ ವಿರೋಧ ಎಂಬ ಕಾರಣ ಮುಂದೆ ಬಂತು. ಅದೇ ತಿಂಗಳು ಸಮ್ಮಿಶ್ರ ಸರಕಾರ ಬಿದ್ದು ಯಡಿಯೂರಪ್ಪನವರ ಸರಕಾರ ಬಂತು. ಸಭಾಧ್ಯಕ್ಷರು ಒಟ್ಟು 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಉಪಚುನಾವಣೆಯಲ್ಲಿ ಸ್ಪರ್ಧಿಸಲು ಅವರಿಗೆ ಅವಕಾಶ ಕೊಟ್ಟಿತು. ಡಿಸೆಂಬರ್ 5ರ ಮತದಾನಕ್ಕೆ ಸಿಂಗ್ ಮತ್ತೆ ಬಿಜೆಪಿ ಅಭ್ಯರ್ಥಿಯಾದರು. ಹಿಂದಿನ ವರ್ಷ ಅವರ ವಿರುದ್ಧ ಮತ ಕೇಳಿದ ಕಾರ್ಯಕರ್ತರು ಈಗ ಅವರ ಪರವಾಗಿ ಅದೇ ಬಾಗಿಲುಗಳನ್ನು ತಟ್ಟಬೇಕಾಯಿತು. ಪಕ್ಷದವರೇ ಆದ ಕವಿರಾಜ್ ಅರಸ್ ಇದನ್ನು ಒಪ್ಪದೆ ಪಕ್ಷೇತರರಾಗಿ ಕಣಕ್ಕಿಳಿದರು. ಪಕ್ಷ ಅವರನ್ನು ಉಚ್ಚಾಟಿಸಿತು.

ಅರಸ್ ಅವರಿಗೆ ಸಜ್ಜನಿಕೆಯ ಪ್ರಮಾಣಪತ್ರ ಕೊಡುವುದು ನಮ್ಮ ಉದ್ದೇಶವಲ್ಲ. ಅವರ ಉಮೇದುವಾರಿಕೆ ಒಂದು ಪ್ರಶ್ನೆಯನ್ನು ಬಿಜೆಪಿಯ ನಿಷ್ಠಾವಂತ ಮತದಾರರ ಮುಂದಿಟ್ಟಿತು ಎಂಬುದಷ್ಟೇ ನಮಗೆ ಮುಖ್ಯ. ನಿಷ್ಠೆ ಯಾವುದಕ್ಕೆ? ಪಕ್ಷ ಹೇಳುವ ಮೌಲ್ಯಕ್ಕೋ, ಪಕ್ಷ ಕೊಟ್ಟ ಟಿಕೆಟ್ಟಿಗೋ?

ಟಿಕೆಟ್ಟಿನ ಪರವಾಗಿ ಮೂರು ವಾದಗಳಿದ್ದವು. ಮೂರೂ ಹಗುರವಾದವಲ್ಲ. ಮೊದಲನೆಯದು ಸರಕಾರದ ಪ್ರಶ್ನೆ. 15 ಕ್ಷೇತ್ರಗಳ ಪೈಕಿ ಕನಿಷ್ಠ ಆರನ್ನು ಗೆಲ್ಲದಿದ್ದರೆ ಯಡಿಯೂರಪ್ಪನವರಿಗೆ ಬಹುಮತ ಇರುತ್ತಿರಲಿಲ್ಲ. ಎರಡನೆಯದು ಹೊಸ ಜಿಲ್ಲೆ. ಬಳ್ಳಾರಿಯಿಂದ ಬೇರ್ಪಟ್ಟು ಹೊಸಪೇಟೆ ಕೇಂದ್ರವಾಗಬೇಕೆಂಬ ಬೇಡಿಕೆಯನ್ನು ಸಿಂಗ್ ಗಟ್ಟಿಯಾಗಿ ಎತ್ತಿದ್ದರು; 2021ರಲ್ಲಿ ವಿಜಯನಗರ ಜಿಲ್ಲೆ ಆಗಿಯೂ ಆಯಿತು. ಮೂರನೆಯದು ಎಲ್ಲಕ್ಕಿಂತ ಗಟ್ಟಿ. ನಮ್ಮ ವ್ಯವಸ್ಥೆಯಲ್ಲಿ ಶಾಸಕ ಕಾನೂನು ಮಾಡುವವನು ಮಾತ್ರ ಅಲ್ಲ. ಆಶ್ರಯ ಸಮಿತಿಗೆ ಅವನೇ ಅಧ್ಯಕ್ಷ, ಬಗರ್‌ಹುಕುಂ ಸಮಿತಿಗೂ ಅವನೇ. ಮನೆ ಬೇಕಾದವನು, ಉಳುವ ಭೂಮಿಗೆ ಸಾಗುವಳಿ ಚೀಟಿ ಬೇಕಾದವನು, ಠಾಣೆಯಲ್ಲಿ ಸಿಕ್ಕಿಬಿದ್ದ ಮಗನನ್ನು ಬಿಡಿಸಬೇಕಾದವನು ಅವನ ಬಾಗಿಲಿಗೇ ಹೋಗಬೇಕು. ಕಮಲಾಪುರದಂಥ ಊರಲ್ಲಿ ಇದರ ಮೇಲೆ ಹಂಪಿ ಪ್ರಾಧಿಕಾರದ ನಿರ್ಬಂಧಗಳೂ ಇವೆ. ಮನೆಯ ಮೇಲೆ ಇನ್ನೊಂದು ಕೋಣೆ ಎಬ್ಬಿಸಬೇಕೆಂದರೂ ಅನುಮತಿಯ ಚಿಂತೆ. ಸೋತ ಅಭ್ಯರ್ಥಿ ಎಷ್ಟೇ ಪ್ರಾಮಾಣಿಕನಾಗಿದ್ದರೂ ಅವನ ಫೋನಿಗೆ ಅಧಿಕಾರಿ ಏಳುವುದಿಲ್ಲ. ಗೆಲ್ಲುವ ಕುದುರೆಯನ್ನು ನೋಡಿ ಓಟು ಹಾಕುವ ಬಡವನನ್ನು ಹೀಯಾಳಿಸುವವರು ಈ ಬಾಗಿಲುಗಳ ಮುಂದೆ ನಿಂತವರಲ್ಲ.

ಮತ್ತೊಂದು ಕಡೆಯ ವಾದವೂ ಅಷ್ಟೇ ಸರಳವಾಗಿತ್ತು. ನೆನ್ನೆ ಯಾರನ್ನು ದ್ರೋಹಿ ಎಂದೆವೋ ಇಂದು ಅವರಿಗೇ ಹಾರ ಹಾಕಿದರೆ ನಾಳೆ ನಮ್ಮ ಮಾತನ್ನು ಯಾರು ನಂಬುತ್ತಾರೆ? ವರ್ಷಗಟ್ಟಲೆ ಬಾವುಟ ಕಟ್ಟಿದವನು ಮೂಲೆಗೆ, ನಿನ್ನೆ ಬಂದವನು ವೇದಿಕೆಗೆ ಎಂದಾದರೆ ಕಾರ್ಯಕರ್ತ ಎಂಬ ಪದಕ್ಕೆ ಅರ್ಥವೇನು?

ಡಿಸೆಂಬರ್ 9ರಂದು ಫಲಿತಾಂಶ ಬಂತು. ಆನಂದ್ ಸಿಂಗ್ 85,477 ಮತ ಪಡೆದು ಕಾಂಗ್ರೆಸ್‌ನ ವೆಂಕಟರಾವ್ ಘೋರ್ಪಡೆ ಅವರನ್ನು 30,125 ಮತಗಳಿಂದ ಸೋಲಿಸಿದರು. ಅರಸ್ ಅವರಿಗೆ ಬಂದದ್ದು ನಾಲ್ಕು ಸಾವಿರದ ಆಸುಪಾಸು. ಓಟು ಹಾಳು ಮಾಡಬೇಡಿ ಎಂದವರ ಮಾತು ನಿಜವಾದಂತೆ ಕಂಡಿತು.

ಆದರೆ ಅದೇ ಅಂಕಿಗಳನ್ನು ಇನ್ನೊಮ್ಮೆ ಓದೋಣ. ಠೇವಣಿ ಉಳಿಯಬೇಕಾದರೆ ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಇಲ್ಲಿ ಅದು ಸುಮಾರು 25 ಸಾವಿರ. ಬಿಜೆಪಿಯ ಸುಮಾರು 22 ಸಾವಿರ ಮತದಾರರು ಪಕ್ಷಾಂತರದ ಮೇಲಿನ ಅಸಮಾಧಾನವನ್ನು ತೋರಿಸಲೆಂದೇ ಅರಸ್ ಅವರತ್ತ ಹೋಗಿದ್ದರೂ ಅವರ ಠೇವಣಿ ಉಳಿಯುತ್ತಿತ್ತು, ಸಿಂಗ್ ಅವರೂ ಗೆಲ್ಲುತ್ತಿದ್ದರು. ಸರಕಾರವೂ ಬೀಳುತ್ತಿರಲಿಲ್ಲ, ಆರು ಬೇಕಾಗಿದ್ದ ಪಕ್ಷಕ್ಕೆ 12 ಸ್ಥಾನ ಸಿಕ್ಕಿದ್ದವು. ಮತ ಹಾಕುವ ಮೊದಲು ಇದು ಯಾರಿಗೂ ಗೊತ್ತಿರಲಿಲ್ಲ ಎಂಬುದು ನಿಜ. ಆದರೆ ಭಯ ತೋರಿಸಿದಷ್ಟು ದೊಡ್ಡದಾಗಿರಲಿಲ್ಲ ಎಂಬುದೂ ನಿಜ. ಪಕ್ಷಕ್ಕೆ ಒಂದು ಎಚ್ಚರಿಕೆ ಕೊಡುವ ಅವಕಾಶ ಇತ್ತು. ಅದನ್ನು ಬಳಸದೆ ಬಿಟ್ಟದ್ದರಿಂದ ಹಾಳಾದದ್ದೇನು ಎಂದು ನಾವು ಕೇಳಬೇಕು.

ಅದೇ ದಿನ ಹೊಸಕೋಟೆಯಲ್ಲಿ ಬೇರೆಯದೇ ಕಥೆ ನಡೆದಿತ್ತು. ಅಲ್ಲಿಯೂ 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದಿದ್ದ ಎಂ.ಟಿ.ಬಿ. ನಾಗರಾಜ್ ಬಿಜೆಪಿಗೆ ಬಂದು ಟಿಕೆಟ್ ಪಡೆದಿದ್ದರು. ಅವರ ವಿರುದ್ಧ ಹಿಂದೆ ಬಿಜೆಪಿಯಿಂದ ಸೋತಿದ್ದ ಶರತ್ ಬಚ್ಚೇಗೌಡರು ಪಕ್ಷೇತರರಾಗಿ ನಿಂತು 11,486 ಮತಗಳಿಂದ ಗೆದ್ದರು. ಹಾಗಾದರೆ ಅಲ್ಲಿನ ಮತದಾರರು ನಮ್ಮವರಿಗಿಂತ ತತ್ವನಿಷ್ಠರೇ? ಹಾಗೆ ಹೇಳಿದರೆ ಅವಸರದ ಮಾತಾದೀತು. ಶರತ್ ಅವರ ತಂದೆ ಆಗ ಬಿಜೆಪಿಯದೇ ಸಂಸದರು, ಮನೆತನಕ್ಕೆ ದಶಕಗಳ ನೆಲೆ ಇತ್ತು, ಜೆಡಿಎಸ್ ತನ್ನ ಅಭ್ಯರ್ಥಿಯನ್ನು ಹಾಕದೆ ಬೆಂಬಲಿಸಿತು. ಅದೇ ಶರತ್ ಮುಂದೆ ಕಾಂಗ್ರೆಸ್ಸಿನತ್ತ ಹೊರಳಿ 2023ರಲ್ಲಿ ಆ ಪಕ್ಷದಿಂದ ಗೆದ್ದರು. ಸಾಮಾನ್ಯ ಮತದಾರನಿಗೆ ಬಂಡಾಯವೂ ಬಲವಿದ್ದವರ ಕೈಯಲ್ಲಿದ್ದರೆ ಮಾತ್ರ ನಂಬಿಕೆ ಹುಟ್ಟುತ್ತದೆ ಎಂಬುದನ್ನು ಹೊಸಕೋಟೆ ತೋರಿಸಿತು.

ಪಕ್ಷಗಳೂ ಇದೇ ಪಾಠವನ್ನು ಕಲಿತಿವೆ. 2011ರ ನವೆಂಬರ್‌ನಲ್ಲಿ ಬಳ್ಳಾರಿ ಗ್ರಾಮಾಂತರದ ಉಪಚುನಾವಣೆಯಲ್ಲಿ ಬಿಜೆಪಿ ತೊರೆದ ಶ್ರೀರಾಮುಲು ಪಕ್ಷೇತರರಾಗಿ ಗೆದ್ದರು. ಬಿಜೆಪಿ ಮೂರನೆಯ ಸ್ಥಾನಕ್ಕೆ ಹೋಯಿತು. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿ ಆರು, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ನಾಲ್ಕು ಸ್ಥಾನ ಪಡೆದವು. ಬಿಜೆಪಿ 40ಕ್ಕೆ ಕುಸಿಯಿತು. ಆಗ ಬಿಜೆಪಿಯ ಮತ ಒಡೆದವರಿಗೆ ಶಿಕ್ಷೆಯಾಯಿತೇ? 2014ರಲ್ಲಿ ಇಬ್ಬರನ್ನೂ ಕರೆದು ಮತ್ತೆ ಮಣೆ ಹಾಕಲಾಯಿತು. 2022ರ ಕೊನೆಯಲ್ಲಿ ಜನಾರ್ದನ ರೆಡ್ಡಿ ಸ್ವಂತ ಪಕ್ಷ ಕಟ್ಟಿ 2023ರಲ್ಲಿ ಗಂಗಾವತಿಯಿಂದ ಗೆದ್ದರು. 2024ರ ಮಾರ್ಚ್‌ನಲ್ಲಿ ಅವರೂ ಬಿಜೆಪಿಗೆ ಮರಳಿದರು. ಮತ ಒಡೆಯುವುದು ಪಾಪ ಎಂಬ ಉಪದೇಶ ಹಣವಂತರಿಗೆ, ಬಲವಂತರಿಗೆ ಅನ್ವಯಿಸುವುದಿಲ್ಲ. ಅದು ಅನ್ವಯಿಸುವುದು ನಿಷ್ಠಾವಂತ ಮತದಾರನಿಗೆ ಮಾತ್ರ. ಹೇಗಿದ್ದರೂ ಇವನು ನಮಗೇ ಹಾಕುತ್ತಾನೆ ಎಂದು ಗೊತ್ತಾದ ಮೇಲೆ ಅವನನ್ನು ಒಲಿಸಿಕೊಳ್ಳುವ ಗರಜು ಯಾರಿಗಿದೆ?

ಇನ್ನೊಂದು ಮಾತು. ಓಟು ಹಾಳು ಎಂಬ ವಾದವನ್ನು ಹಿಂದಿನವರು ಒಪ್ಪಿದ್ದರೆ ಇಂದಿನ ಬಿಜೆಪಿಯೇ ಇರುತ್ತಿರಲಿಲ್ಲ. 1984ರ ಲೋಕಸಭೆಯಲ್ಲಿ ಆ ಪಕ್ಷಕ್ಕಿದ್ದದ್ದು ಎರಡು ಸ್ಥಾನ. 1985ರ ಕರ್ನಾಟಕ ವಿಧಾನಸಭೆಯಲ್ಲೂ ಎರಡೇ. ಗೆಲ್ಲುವುದಿಲ್ಲವೆಂದು ತಿಳಿದೂ ಆಗ ಮತ ಹಾಕಿದವರ ಮೇಲೆಯೇ ಇಂದಿನ ಕಟ್ಟಡ ನಿಂತಿದೆ. ಆ ಪಕ್ಷದ ನಿಲುವುಗಳ ಬಗ್ಗೆ ನಮಗಿರುವ ಭಿನ್ನಾಭಿಪ್ರಾಯ ಬೇರೆ ವಿಷಯ. ಆದರೆ ಸೋಲುವವರಿಗೆ ಓಟು ಹಾಕಬೇಡಿ ಎಂದು ಹೇಳುವ ಹಕ್ಕು ಅದಕ್ಕೆ ಖಂಡಿತ ಇಲ್ಲ.

ಅದಕ್ಕೂ ಹಿಂದಿನ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಕೂಡ್ಲಿಗಿ ತಾಲ್ಲೂಕಿಗೆ ಅಂಟಿಕೊಂಡಿರುವ ಜಗಳೂರಿನ ಜೆ. ಮಹಮ್ಮದ್ ಇಮಾಂ ಅವರು 1967ರಲ್ಲಿ ಚಿತ್ರದುರ್ಗದಿಂದ ಸ್ವತಂತ್ರ ಪಕ್ಷದ ಟಿಕೆಟ್‌ನಲ್ಲಿ ಲೋಕಸಭೆಗೆ ಆಯ್ಕೆಯಾದರು. 1959ರಲ್ಲಿ ರಾಜಾಜಿ ಕಟ್ಟಿದ ಆ ಪಕ್ಷ ಸಂಪ್ರದಾಯಸ್ಥರ, ಆಸ್ತಿ ಹಕ್ಕಿನ ಪರವಾಗಿದ್ದವರ ಪಕ್ಷ. ಹಿಂದೂಗಳೇ ಬಹುಸಂಖ್ಯಾತರಾದ ಕ್ಷೇತ್ರದಲ್ಲಿ ಮುಸ್ಲಿಮರೊಬ್ಬರು ಸಂಪ್ರದಾಯಸ್ಥರ ಪಕ್ಷದಿಂದ, ಕಾಂಗ್ರೆಸ್ಸಿನ ಎದುರು ಗೆದ್ದರು ಎಂಬುದು ಇಂದು ಕಟ್ಟುಕಥೆಯಂತೆ ಕೇಳುತ್ತದೆ. ಆ ಪಕ್ಷ ಉಳಿಯಲಿಲ್ಲ. 1971ರಲ್ಲಿ ದೇಶದಲ್ಲಿ ಎಂಟು ಸ್ಥಾನಕ್ಕೆ ಇಳಿದು 1974ರಲ್ಲಿ ಬೇರೆ ಪಕ್ಷಗಳೊಂದಿಗೆ ಕರಗಿಹೋಯಿತು. ಆದರೂ ಸಂಪ್ರದಾಯಸ್ಥ ಮತದಾರ ಎಂದರೆ ದ್ವೇಷಕ್ಕೆ ಮತ ಹಾಕುವವನು ಎಂಬ ಅರ್ಥ ಆಗ ಇರಲಿಲ್ಲ ಎಂಬುದಕ್ಕೆ ಆ ಗೆಲುವು ಸಾಕ್ಷಿ.

ಇಷ್ಟನ್ನು ಹೇಳಿ ಬೆರಳನ್ನು ಬೇರೆಯವರತ್ತ ತೋರಿಸಿ ಕೂತರೆ ನ್ಯಾಯವಾಗದು. 2019ರ ಅದೇ ಉಪಚುನಾವಣೆಯಲ್ಲಿ ಜೆಡಿಎಸ್‌ನಿಂದ ಎನ್.ಎಂ. ನಬಿ ಅವರೂ ನಿಂತಿದ್ದರು. ಅವರ ಮತವೂ ನಾಲ್ಕು ಸಾವಿರದ ಆಸುಪಾಸಿನಲ್ಲೇ ನಿಂತಿತು. ಇಂಥ ಕ್ಷೇತ್ರಗಳಲ್ಲಿ ಮುಸ್ಲಿಂ ಮತದಾರರಿಗೆ ಪ್ರತಿಸಲ ಸಿಗುವ ಬುದ್ಧಿಮಾತೂ ಇದೇ. ‘ಮತ ಹಂಚಿಹೋದರೆ ಅವರು ಬರುತ್ತಾರೆ.’ ಅಲ್ಲಿ ‘ಇವರು ಬರುತ್ತಾರೆ’ ಎಂಬ ಭಯ, ಇಲ್ಲಿ ‘ಅವರು ಬರುತ್ತಾರೆ’ ಎಂಬ ಭಯ. ಈ ಎರಡು ಭಯಗಳು ಒಂದನ್ನೊಂದು ಸಾಕುತ್ತವೆ. ನಡುವೆ ಎರಡೂ ಕಡೆಯ ಮತದಾರರ ನಿಜವಾದ ಪ್ರಶ್ನೆಗಳು ಮಾಯವಾಗುತ್ತವೆ. ಜಿಂದಾಲ್ ಭೂಮಿಯ ವಿಷಯವನ್ನೇ ನೋಡಿ. ಸಿಂಗ್ ಮಂತ್ರಿಯಾಗಿದ್ದ ಸರಕಾರದ ಸಂಪುಟವೇ 2021ರ ಏಪ್ರಿಲ್‌ನಲ್ಲಿ ಮಾರಾಟಕ್ಕೆ ಒಪ್ಪಿ, ವಿರೋಧ ಬಂದ ಮೇಲೆ ಮೇ ತಿಂಗಳಲ್ಲಿ ತಡೆಹಿಡಿಯಿತು. 2024ರ ಆಗಸ್ಟ್‌ನಲ್ಲಿ ಕಾಂಗ್ರೆಸ್ ಸರಕಾರದ ಸಂಪುಟ ಮತ್ತೆ ಒಪ್ಪಿಗೆ ಕೊಟ್ಟಿತು. ಮಾರಾಟ ಬೇಡವೆಂದ ರೈತ ಯಾವ ದೊಡ್ಡ ಪಕ್ಷಕ್ಕೆ ಹಾಕಿದ ಓಟು ಹಾಳಾಗಲಿಲ್ಲ?

ತತ್ವದ ಅಭ್ಯರ್ಥಿಗಳಿಗೂ ನಮ್ಮದೊಂದು ಮಾತಿದೆ. ನಾಮಪತ್ರದ ವಾರ ಕಾಣಿಸಿಕೊಂಡು ಫಲಿತಾಂಶದ ದಿನ ಕಾಣೆಯಾಗುವವರನ್ನು ಜನ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಸೋತ ಮೇಲೂ ಐದು ವರ್ಷ ತಾಲ್ಲೂಕು ಕಚೇರಿಯ ಮುಂದೆ ಜನರ ಅರ್ಜಿ ಹಿಡಿದು ನಿಲ್ಲುವವನಿಗೆ, ಆಶ್ರಯ ಮನೆಗಳ ಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ತೆಗೆಸಿ ಊರಿಗೆ ಓದಿ ಹೇಳುವವನಿಗೆ ಓಟು ಹಾಕುವುದು ಸುಲಭ. ತಮ್ಮ ಪ್ರಾಮಾಣಿಕತೆಯೇ ಸಾಕು ಎಂದು ನಂಬಿ ಸಂಘಟನೆಯ ಬೆವರನ್ನು ತಪ್ಪಿಸಿಕೊಳ್ಳುವವರು ಸೋತಾಗ ಮತದಾರರನ್ನು ಬಯ್ಯುವುದು ಸರಿಯಲ್ಲ.

2023ರಲ್ಲಿ ಕ್ಷೇತ್ರದ ಪಟ ಮತ್ತೆ ತಲೆಕೆಳಗಾಯಿತು. ಆನಂದ್ ಸಿಂಗ್ ಅವರ ಮಗ ಸಿದ್ಧಾರ್ಥ ಸಿಂಗ್ ಬಿಜೆಪಿಯಿಂದ, ಹಿಂದೆ ಬಿಜೆಪಿಯವರಾಗಿದ್ದ ಗವಿಯಪ್ಪ ಕಾಂಗ್ರೆಸ್ಸಿನಿಂದ. ಗೆದ್ದವರು ಗವಿಯಪ್ಪ. 2018ರ ಎದುರಾಳಿಗಳ ಮನೆಗಳು ಐದು ವರ್ಷದಲ್ಲಿ ಬಾವುಟಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಪಕ್ಷಕ್ಕಾಗಿ ಅಭ್ಯರ್ಥಿಯನ್ನು ಸಹಿಸಿಕೊಂಡ ಮತದಾರನ ಕೈಗೆ ಉಳಿದದ್ದು ಬಾವುಟದ ಬಣ್ಣ ಮಾತ್ರ.

ಹಾಗೆಂದು ಪ್ರತಿ ಚುನಾವಣೆಯಲ್ಲೂ ಸೋಲುವವರನ್ನೇ ಹುಡುಕಿ ಮತ ಹಾಕಿರೆಂದು ನಾವು ಹೇಳುವುದಿಲ್ಲ. ಕೆಲವೊಮ್ಮೆ ದೊಡ್ಡ ಕೆಡುಕನ್ನು ತಡೆಯಲು ಸಣ್ಣ ಕೆಡುಕನ್ನು ಒಪ್ಪಬೇಕಾಗುತ್ತದೆ. ಆದರೆ ಆ ಒಪ್ಪಿಗೆಗೆ ಷರತ್ತಿರಬೇಕು, ಮತ್ತು ಆ ಷರತ್ತನ್ನು ಪಕ್ಷ ಟಿಕೆಟ್ ಕೊಡುವ ಮೊದಲೇ ಹೇಳಬೇಕು. ಇಂಥವರನ್ನು ತಂದು ನಿಲ್ಲಿಸಿದರೆ ನಾವು ಹಾಕುವುದಿಲ್ಲ ಎಂದು ಹೇಳಿ, ಒಂದು ಸಲವಾದರೂ ಹಾಗೆಯೇ ನಡೆದು ತೋರಿಸಬೇಕು. ಗುಡಿಯ ಕಟ್ಟೆಯವರೂ ಮಸೀದಿಯ ಅಂಗಳದವರೂ ಇದನ್ನು ತಮ್ಮ ತಮ್ಮ ಪಕ್ಷಗಳಿಗೆ ಬೇರೆ ಬೇರೆಯಾಗಿಯೇ ಹೇಳಲಿ, ಅಡ್ಡಿಯಿಲ್ಲ. ಸೋತವನಿಗೆ ಹಾಕಿದ ಓಟು ಎಣಿಕೆಯ ಪಟ್ಟಿಯಲ್ಲಿ ಉಳಿಯುತ್ತದೆ, ಮುಂದಿನ ಸಲ ಟಿಕೆಟ್ ಹಂಚುವವರು ಅದನ್ನು ನೋಡುತ್ತಾರೆ. ಏನನ್ನೂ ಕೇಳದೆ ಕೊಟ್ಟ ಓಟನ್ನು ಯಾರೂ ನೋಡುವುದಿಲ್ಲ.