ಬೆಂಗಳೂರಿನ ತೆನೆ, ದುರ್ಗದ ಮಣ್ಣು

ಬೆಂಗಳೂರು ಅರಮನೆಗೆ ಹೋದವರು ಮೊದಲು ಫೋಟೊ ತೆಗೆಯೋದು ಗೋಪುರಗಳದ್ದು. ಬಳ್ಳಿ ಹಬ್ಬಿದ ಗೋಡೆ, ಅದರ ನೆತ್ತಿಯ ಮೇಲೆ ಹಲ್ಲು ಜೋಡಿಸಿದಂತೆ ತೆನೆಗಳು. ‘ಥೇಟ್ ಡೌನ್‌ಟನ್ ಆ್ಯಬಿ ಕಣೋ’ ಅಂದ ಜೊತೆಗಿದ್ದ ಗೆಳೆಯ. ಅವನು ಹೇಳಿದ್ದು ತಪ್ಪೇನಲ್ಲ. ಇಂಗ್ಲೆಂಡಿನ ಶ್ರೀಮಂತರು ತಮ್ಮ ಜಮೀನಿನ ನಡುವೆ ಕಟ್ಟಿಕೊಳ್ಳುತ್ತಿದ್ದ ದೊಡ್ಡ ಮನೆಗಳ ವೇಷವನ್ನೇ ಈ ಕಟ್ಟಡ ಹಾಕಿಕೊಂಡಿರೋದು. ಆದರೆ ನಾನು ಚಿತ್ರದುರ್ಗದವನು. ತೆನೆ ಕಂಡರೆ ‘ಇಲ್ಲಿಂದ ಯಾರ ಮೇಲೆ ಗುಂಡು ಹಾರಿಸ್ತಿದ್ರು?’ ಅಂತ ಕೇಳೋದು ನಮಗೆ ಚಿಕ್ಕಂದಿನಿಂದ ಬಂದ ಚಾಳಿ.

ಉತ್ತರ: ಯಾರ ಮೇಲೂ ಇಲ್ಲ.

ಈ ಜಾಗ ಮೊದಲು ಗ್ಯಾರೆಟ್ ಎಂಬ ಪಾದ್ರಿಯದ್ದು. ಇವತ್ತಿನ ಸೆಂಟ್ರಲ್ ಕಾಲೇಜಿಗೆ ಮೂಲವಾದ ಶಾಲೆಯ ಮುಖ್ಯಸ್ಥರಾಗಿದ್ದವರು ಅವರು. 1873ರಲ್ಲಿ ಬಾಲಕ ಚಾಮರಾಜೇಂದ್ರ ಒಡೆಯರ್ ಹೆಸರಿನಲ್ಲಿ ಇದನ್ನು ಕೊಂಡವರು ಅವರ ಬ್ರಿಟಿಷ್ ಪಾಲಕರು. ಆಗ ಮೈಸೂರು ರಾಜ್ಯ ಒಡೆಯರ ಕೈಯಲ್ಲಿರಲಿಲ್ಲ. 1831ರಿಂದ ಕಮಿಷನರ್‌ಗಳ ಆಡಳಿತ, ವಾಪಸ್ ಸಿಕ್ಕಿದ್ದು 1881ರಲ್ಲಿ. ಅಂದ್ರೆ ಕೋಟೆಯ ಲಾಂಛನಗಳನ್ನೆಲ್ಲ ಹೊತ್ತ ಈ ಮನೆ ರೂಪ ಪಡೆದಾಗ ಅದರ ಒಡೆಯನಿಗೆ ಕಾಯಲು ರಾಜ್ಯವೇ ಇರಲಿಲ್ಲ. ಅಧಿಕಾರ ಕಿತ್ತುಕೊಂಡವರೇ ಅಧಿಕಾರದ ಅಲಂಕಾರ ಮಾಡಿಸಿಕೊಟ್ಟರು. ಗೋಪುರಗಳ ಚೆಂದಕ್ಕಿಂತ ನನಗೆ ಈ ವ್ಯಂಗ್ಯವೇ ಹೆಚ್ಚು ಕಾಡೋದು.

ಮೂಲದಲ್ಲೂ ಇದು ನಾಟಕವೇ ಅನ್ನಿ. ಡೌನ್‌ಟನ್ ಆಗಿ ನಾವು ಟೀವಿಯಲ್ಲಿ ನೋಡುವ ಹೈಕ್ಲೇರ್ ಕ್ಯಾಸಲ್ ಹಳೆಯ ಕೋಟೆಯಲ್ಲ. ಅಲ್ಲಿದ್ದ ಸಾದಾ ಮನೆಗೆ 1840ರ ದಶಕದಲ್ಲಿ ಹೊಸ ಕಲ್ಲಿನ ಮೈ ತೊಡಿಸಿ, ಗೋಪುರ ಏರಿಸಿದ್ದು ಚಾರ್ಲ್ಸ್ ಬ್ಯಾರಿ. ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡ ವಿನ್ಯಾಸ ಮಾಡಿದವನೇ. ಇಂಗ್ಲೆಂಡಿನವರು ತಮ್ಮದೇ ಹಳೇ ಕಾಲವನ್ನು ನಕಲು ಮಾಡಿದರು, ನಾವು ಆ ನಕಲನ್ನು ನಕಲು ಮಾಡಿದೆವು.

ಹಾಗಂತ ಬೆಂಗಳೂರು ಅರಮನೆ ಬರೀ ನಕಲು ಅಂತ ತಳ್ಳಿಹಾಕೋಕೆ ಆಗಲ್ಲ. ಒಳಗೆ ಬನ್ನಿ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಕೂರಲು ಬಣ್ಣದ ಟೈಲ್ಸ್ ಹಾಕಿದ ಕಲ್ಲಿನ ಕಟ್ಟೆಗಳು. ಮಹಡಿಯ ದರ್ಬಾರ್ ಹಾಲಿನಲ್ಲಿ ಹೆಂಗಸರು ಮರೆಯಲ್ಲಿ ಕೂತು ಸಭೆ ನೋಡಲು ಒಂದು ಪರದೆ. ಹೊರಗೆ ಇಂಗ್ಲಿಷ್ ಮಾತಾಡುವ ಮನೆ ಒಳಗೆ ಬಂದ ಮೇಲೆ ಅಂಗಿ ಕಳಚಿ ನಮ್ಮ ತೊಟ್ಟಿಮನೆ ಹಾಗೆ ಕಾಲು ಚಾಚುತ್ತೆ. ನನಗೆ ಈ ಕಟ್ಟಡ ಇಷ್ಟವಾಗೋದು ಇಲ್ಲೇ. ಮನೆ ಅನ್ನೋದು ಮುಖದಲ್ಲಿ ಇರಲ್ಲ, ಜನ ಎಲ್ಲಿ ಕೂರ್ತಿದ್ರು, ಯಾರು ಯಾರನ್ನ ಎಲ್ಲಿಂದ ನೋಡ್ತಿದ್ರು ಅನ್ನೋದರಲ್ಲಿ ಇರುತ್ತೆ.

ಇದೇ ಕಣ್ಣಲ್ಲಿ ನಮ್ಮೂರಿಗೆ ಬನ್ನಿ. ಏಳು ಸುತ್ತಿನ ಕೋಟೆಯಲ್ಲಿ ತೆನೆ, ಬತೇರಿ ಯಾವುದೂ ಅಲಂಕಾರಕ್ಕಿಲ್ಲ. ನೇರ ನುಗ್ಗೋಕೆ ಆಗದಂತೆ ಬಾಗಿಲಿಂದ ಬಾಗಿಲಿಗೆ ದಾರಿ ತಿರುಗುತ್ತೆ. ಎಲ್ಲರೂ ಆ ಕಲ್ಲನ್ನ ಹೊಗಳ್ತಾರೆ, ಗೈಡ್‌ಗಳೂ ಅದನ್ನೇ ಹೇಳ್ತಾರೆ. ಆದರೆ ಮೇಲೆ ಹತ್ತಿದ ಮೇಲೆ ಟಂಕಸಾಲೆ, ಕಚೇರಿ, ಅರಮನೆ ಆವರಣ ಅಂತ ಕರೆಯುವ ಕಡೆ ನಿಂತಿರೋದು ಕಲ್ಲಲ್ಲ. ಮಣ್ಣಿನ ಗೋಡೆ. ಸೂರಿಲ್ಲ, ಬಾಗಿಲಿಲ್ಲ. 1779ರಲ್ಲಿ ಹೈದರಾಲಿ ಮದಕರಿನಾಯಕನನ್ನು ಸೆರೆಹಿಡಿದ ಮೇಲೆ ಇಲ್ಲಿ ನಾಯಕರ ಸಂಸಾರ ಮುಗೀತು. ಅಲ್ಲಿಂದ ಇಲ್ಲಿವರೆಗೂ ಪ್ರತಿ ಮಳೆಗಾಲ ಒಂದಷ್ಟು ಮಣ್ಣು ಕರಗಿಸಿಕೊಂಡು ಹೋಗ್ತಿದೆ.

ಜನ ಆ ಗೋಡೆಗಳ ಮುಂದೆ ಅರ್ಧ ನಿಮಿಷವೂ ನಿಲ್ಲಲ್ಲ. ‘ಏನಿಲ್ಲ ಬಿಡ್ರಿ, ಬಿದ್ದೋಗಿದೆ’ ಅಂತ ಮುಂದೆ ಓಬವ್ವನ ಕಿಂಡಿಗೆ ಹೋಗ್ತಾರೆ. ಯೋಚನೆ ಮಾಡಿ, ಓಬವ್ವನ ಕತೆ ಪೂರ್ತಿ ಮನೆಯ ಕತೆ. ಕಾವಲುಗಾರ ಗಂಡ ಊಟಕ್ಕೆ ಬಂದಿದ್ದಾನೆ, ಹೆಂಡತಿ ನೀರಿಗೆ ಹೋಗ್ತಾಳೆ, ಕೈಗೆ ಸಿಗೋದು ಒನಕೆ. 1972ರ ‘ನಾಗರಹಾವು’ ಸಿನಿಮಾದಲ್ಲಿ ಜಯಂತಿಯವರನ್ನು ಕಂಡವರಿಗೆಲ್ಲ ಕಿಂಡಿ ನೆನಪಿದೆ. ಅವರು ಊಟ ಮಾಡಿದ ಮನೆ ಎಂಥದ್ದು? ಬಹುಶಃ ಮಣ್ಣಿನದೇ ಇದ್ದೀತು. ಅದನ್ನ ನಾವು ಕೇಳಿಯೇ ಇಲ್ಲ.

ಆ ಗೋಡೆಗಳನ್ನ ಓದೋಕೆ ಪುರಾತತ್ವ ಓದಿರಬೇಕಿಲ್ಲ, ಅಜ್ಜಿ ಮನೆ ನೋಡಿದ್ದರೆ ಸಾಕು. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಕಡೆಯ ಮಾಳಿಗೆ ಮನೆಗಳು ಗೊತ್ತಲ್ಲ? ಮೊಳಕ್ಕಿಂತ ದಪ್ಪ ಮಣ್ಣಿನ ಗೋಡೆ, ಮರದ ಜಂತೆ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ನೀರಿಳಿಯದ ಕರಲು ಮಣ್ಣು. ಮಳೆ ಕಮ್ಮಿ ಇರೋ ಸೀಮೆಗೆ ಹೇಳಿ ಮಾಡಿಸಿದ ಚಪ್ಪಟೆ ಸೂರು. ಬೇಸಿಗೆಯಲ್ಲಿ ಒಳಗೆ ತಂಪು, ರಾತ್ರಿ ಮಾಳಿಗೆ ಮೇಲೆ ನಿದ್ದೆ, ಹಗಲು ಅಲ್ಲೇ ಶೇಂಗಾ ಒಣಗಿಸೋದು. ಬೆಳಕಿಗೆ ಸೂರಿನಲ್ಲೊಂದು ಗವಾಕ್ಷಿ. ಬೆಟ್ಟದ ಮೇಲಿನ ಮಣ್ಣಿಗೂ ಕೆಳಗಿನ ಊರುಗಳ ಮಣ್ಣಿಗೂ ನೆಂಟಸ್ತಿಕೆ ಇದೆ. ಒಂದು ಕಳೆದರೆ ಇನ್ನೊಂದು ಅರ್ಥವಾಗಲ್ಲ.

ಹಾಗಂತ ಮಾಳಿಗೆ ಮನೆ ಸ್ವರ್ಗ ಅಂತ ಹೇಳ್ತಿಲ್ಲ. ವರ್ಷವರ್ಷ ಮಳೆಗಾಲಕ್ಕೆ ಮುಂಚೆ ಯಾರಾದ್ರೂ ಹತ್ತಿ ಮಣ್ಣು ಹಾಕಬೇಕು, ಇಲ್ಲಾಂದ್ರೆ ಸೋರುತ್ತೆ. ಆ ‘ಯಾರಾದ್ರೂ’ ಈಗ ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದಾರೆ, ನನ್ನ ಹಾಗೆ. ನಮ್ಮ ಮನೇಲೂ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸೋ ಮಾತು ನಡೀತಿದೆ. ದೊಡ್ಡಪ್ಪ ವಾಟ್ಸಾಪಲ್ಲಿ ಪ್ಲಾನ್ ಕಳಿಸಿದಾರೆ. ಮುಂದೆ ನಾಲ್ಕು ರೋಮನ್ ಕಂಬ, ಕಾಂಪೌಂಡಿನ ಮೇಲೆ ತೆನೆ ಥರದ ಡಿಸೈನು. ‘ಅರಮನೆ ಲುಕ್ ಬರುತ್ತಪ್ಪ’ ಅಂದ್ರು.

ಸೋರೋ ಮನೇಲಿ ಇರಿ ಅಂತ ಅವರಿಗೆ ಹೇಳೋ ಹಕ್ಕು ನನಗಿಲ್ಲ. ಮುಂದಿನ ವಾರ ಊರಿಗೆ ಹೋಗ್ತಿದೀನಿ. ಟೇಪು ಹಿಡಿದು ಪಡಸಾಲೆ, ಕೊಟ್ಟಿಗೆ, ಒಲೆ ಮೂಲೆ, ಗವಾಕ್ಷಿ ಎಲ್ಲ ಅಳೆದು ಒಂದು ನಕ್ಷೆ ಬರ್ಕೋಬೇಕು. ದೊಡ್ಡಮ್ಮ ಎಲ್ಲಿ ಕೂತು ಬೀಸ್ತಿದ್ರು ಅಂತ ಕೇಳಬೇಕು. ಕಂಬ ಹೇಗೂ ಬರುತ್ತೆ; ಗವಾಕ್ಷಿಯನ್ನಾದ್ರೂ ಹೊಸ ಪ್ಲಾನಿನಲ್ಲಿ ಉಳಿಸೋಕಾಗುತ್ತಾ ಅಂತ ದೊಡ್ಡಪ್ಪನ ಹತ್ರ ಒಂದು ಮಾತು ಆಡಿ ನೋಡ್ತೀನಿ.