ಒಂದು ಚಿತ್ರ, ಎರಡು ಹಿನ್ನೆಲೆ ಸಂಗೀತ: 'ಲೆಜೆಂಡ್' ಮತ್ತು ನಮ್ಮ ಕಿವಿಗಳು

ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ರೋಗಿಗಳ ಎದೆಯ ಸದ್ದನ್ನು ಕೇಳುತ್ತಾ ಬಂದವನು ನಾನು. ಒಂದೇ ಹೃದಯಕ್ಕೆ ಸ್ಟೆತಸ್ಕೋಪ್ ಇಟ್ಟ ಇಬ್ಬರು ವೈದ್ಯರು ಎರಡು ರೀತಿಯಾಗಿ ವರದಿ ಬರೆಯುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆದ್ದರಿಂದ ಕಿವಿಯ ಸಾಕ್ಷ್ಯವನ್ನು ಸುಮ್ಮನೆ ನಂಬಬಾರದೆಂದು ಕಿರಿಯ ವೈದ್ಯರಿಗೆ ಹೇಳುತ್ತಿದ್ದೆ. ಆದರೆ ಒಂದು ಸಿನಿಮಾದ ಸಂಗೀತದ ವಿಷಯದಲ್ಲಿ ನಾನೇ ಆ ಮಾತನ್ನು ಮರೆತು, ಹದಿನಾರು ವರ್ಷ ನನ್ನ ಕಿವಿಯೇ ಸರಿ ಎಂದು ನಂಬಿದ್ದೆ. ನಿವೃತ್ತಿಯ ಬಿಡುವಿನಲ್ಲಿ ಆ ಪ್ರಕರಣವನ್ನು ಮತ್ತೆ ಪರೀಕ್ಷಿಸಿದ್ದರ ಫಲ ಈ ಲೇಖನ.

ಚಿತ್ರ ರಿಡ್ಲಿ ಸ್ಕಾಟ್ ನಿರ್ದೇಶನದ 'ಲೆಜೆಂಡ್'. ಕಥೆ ಅಜ್ಜಿ ಹೇಳುವ ಕಥೆಯಷ್ಟೇ ಸರಳ. ಕಾಡಿನಲ್ಲಿ ಬೆಳೆದ ಜಾಕ್, ಅವನನ್ನು ನೋಡಲು ಬರುವ ರಾಜಕುಮಾರಿ ಲಿಲಿ, ಲೋಕದ ಬೆಳಕನ್ನು ಕಾಯುವ ಎರಡು ಒಂಟಿಕೊಂಬಿನ ಕುದುರೆಗಳು, ಅವುಗಳನ್ನು ಕೊಲ್ಲಿಸಿ ಲೋಕವನ್ನು ಶಾಶ್ವತ ಕತ್ತಲಿಗೆ ತಳ್ಳಬೇಕೆಂದಿರುವ ತಮಸ್ಸಿನ ಒಡೆಯ. ಟಾಮ್ ಕ್ರೂಸ್, ಮಿಯಾ ಸಾರಾ, ಟಿಮ್ ಕರಿ ಮುಖ್ಯ ಪಾತ್ರಗಳಲ್ಲಿದ್ದಾರೆ. ಚಿತ್ರೀಕರಣದ ನಡುವೆ, 1984ರಲ್ಲಿ, ಪೈನ್‌ವುಡ್ ಸ್ಟುಡಿಯೋದಲ್ಲಿ ಹಾಕಿದ್ದ ಕಾಡಿನ ಸೆಟ್ ಸುಟ್ಟುಹೋಯಿತು. ಚಿತ್ರದ ಸಂಗೀತಕ್ಕೆ ಒದಗಿದ ಗತಿಯೂ ಅದಕ್ಕಿಂತ ತುಂಬಾ ಉತ್ತಮವೇನಲ್ಲ.

ಎರಡು ದೇಶ, ಎರಡು ಸಂಗೀತ

ಹಿನ್ನೆಲೆ ಸಂಗೀತವನ್ನು ಮೊದಲು ರಚಿಸಿದವರು ಜೆರ್ರಿ ಗೋಲ್ಡ್‌ಸ್ಮಿತ್ (1929–2004). 'ದಿ ಓಮನ್' ಚಿತ್ರಕ್ಕೆ ಆಸ್ಕರ್ ಪಡೆದವರು. ಲಂಡನ್ನಿನ ನ್ಯಾಷನಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ, ದೊಡ್ಡ ಗಾಯಕವೃಂದ, ಅವುಗಳ ಜೊತೆಗೆ ಸಿಂಥಸೈಜರ್, ಇದು ಅವರು ಬಳಸಿದ ಸಾಮಗ್ರಿ. ಆದರೆ ಪೂರ್ವಪ್ರದರ್ಶನಗಳಲ್ಲಿ ಚಿತ್ರಕ್ಕೆ ಒಳ್ಳೆಯ ಪ್ರತಿಕ್ರಿಯೆ ಸಿಗಲಿಲ್ಲ. ಅಮೆರಿಕದ ಯುವ ಪ್ರೇಕ್ಷಕರನ್ನು ಸೆಳೆಯಬೇಕೆಂದು ಚಿತ್ರವನ್ನು ಕತ್ತರಿಸಿ, ಗೋಲ್ಡ್‌ಸ್ಮಿತ್ ಅವರ ಸಂಗೀತವನ್ನು ಪೂರ್ತಿ ಕಿತ್ತು, ಟ್ಯಾಂಜರೀನ್ ಡ್ರೀಮ್ ಎಂಬ ತಂಡದಿಂದ ಹೊಸದಾಗಿ ಬರೆಸಿದರು. 1967ರಲ್ಲಿ ಎಡ್ಗರ್ ಫ್ರೋಸ ಬರ್ಲಿನ್ನಿನಲ್ಲಿ ಕಟ್ಟಿದ ಈ ತಂಡ ಎಲೆಕ್ಟ್ರಾನಿಕ್ ಸಂಗೀತಕ್ಕೆ ಹೆಸರಾದದ್ದು. 1983ರಲ್ಲಿ ಟಾಮ್ ಕ್ರೂಸ್‌ಗೆ ಹೆಸರು ತಂದ 'ರಿಸ್ಕಿ ಬಿಸಿನೆಸ್' ಚಿತ್ರಕ್ಕೂ ಇವರದೇ ಸಂಗೀತ.

ಹೀಗೆ 1985ರ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿ ತೆರೆಕಂಡ 94 ನಿಮಿಷದ ಚಿತ್ರದಲ್ಲಿ ಗೋಲ್ಡ್‌ಸ್ಮಿತ್ ಇದ್ದರು. 1986ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ 89 ನಿಮಿಷದ ಚಿತ್ರದಲ್ಲಿ ಟ್ಯಾಂಜರೀನ್ ಡ್ರೀಮ್ ಇತ್ತು. ಅದೇ ಕಾಡು, ಅದೇ ಕುದುರೆ, ಅದೇ ಹುಡುಗಿ. ಆದರೆ ಅಟ್ಲಾಂಟಿಕ್ಕಿನ ಈಚೆ ದಡದವರಿಗೂ ಆಚೆ ದಡದವರಿಗೂ ಕೇಳಿಸಿದ್ದು ಬೇರೆ ಬೇರೆ.

ಗೋಲ್ಡ್‌ಸ್ಮಿತ್ ಅವರಿಗೆ ಇದು ಇದೇ ನಿರ್ದೇಶಕರಿಂದ ಆದ ಎರಡನೆಯ ಪೆಟ್ಟು. 1979ರ 'ಏಲಿಯನ್' ಚಿತ್ರದಲ್ಲೂ ಅವರ ಸಂಗೀತದ ಕೆಲವು ಭಾಗ ತೆಗೆದು, ಅವರದೇ ಹಳೆಯ 'ಫ್ರಾಯ್ಡ್' ಚಿತ್ರದ ತುಣುಕುಗಳನ್ನೂ, ಕೊನೆಗೆ ಹೊವಾರ್ಡ್ ಹ್ಯಾನ್ಸನ್ ಅವರ ಸಿಂಫನಿಯನ್ನೂ ಸೇರಿಸಿದ್ದರು. ಇನ್ನೊಂದು ಮಾತನ್ನೂ ಹೇಳಿಬಿಡಬೇಕು. 1974ರ 'ಚೈನಾಟೌನ್'ನಲ್ಲಿ ಬೇರೊಬ್ಬರ ಸಂಗೀತವನ್ನು ತೆಗೆದುಹಾಕಿದಾಗ ಹತ್ತೇ ದಿನಗಳಲ್ಲಿ ಹೊಸದನ್ನು ಬರೆದುಕೊಟ್ಟವರು ಇದೇ ಗೋಲ್ಡ್‌ಸ್ಮಿತ್. ಆ ಕ್ಷೇತ್ರದ ರೀತಿಯೇ ಅಂಥದ್ದು.

ನಮ್ಮ ಮನೆಯ ಜಗಳ

1986ರ ಜನವರಿಯಲ್ಲಿ ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ತರಬೇತಿಯಲ್ಲಿದ್ದೆ. ವಾರಕ್ಕೆ ಎಂಬತ್ತು ಗಂಟೆ ಕೆಲಸ, ಹೊರಗೆ ಹಿಮ. ಮದುವೆಯಾಗಿ ಮೈಸೂರಿನಿಂದ ಹೊಸದಾಗಿ ಬಂದಿದ್ದ ಹೆಂಡತಿಯನ್ನು ಕರೆದುಕೊಂಡು ನೋಡಿದ ಮೊದಲ ಸಿನಿಮಾ ಇದು. ಲಿಲಿ ಹಾಡುವ ಪುಟ್ಟ ರಾಗವನ್ನು ವಾದ್ಯವೃಂದ ಎತ್ತಿಕೊಂಡಾಗ, ಪಕ್ಕದಲ್ಲಿ ಕೂತವಳು ಮೆಲ್ಲನೆ ಅದನ್ನು ಗುನುಗಿದಳು. ಊರು ಬಿಟ್ಟು ಬಂದ ಮೇಲೆ ಅವಳು ಗುನುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮುಂದೆ ಅಮೆರಿಕಕ್ಕೆ ಬಂದೆವು. 1987ರಲ್ಲಿ ಹುಟ್ಟಿದ ಮಗ ಇಲ್ಲಿಯೇ ಬೆಳೆದ. ಅವನಿಗೆ ಏಳೆಂಟು ವರ್ಷವಿದ್ದಾಗ ಒಂದು ವಿಡಿಯೋ ಅಂಗಡಿಯಿಂದ ಈ ಚಿತ್ರದ ಕ್ಯಾಸೆಟ್ ತಂದೆ. ಚಿತ್ರ ಶುರುವಾಗಿ ಐದು ನಿಮಿಷಕ್ಕೆ, "ಇದೇನಿದು? ಇದು ಆ ಸಂಗೀತವಲ್ಲ, ಇದು ನಕಲಿ" ಎಂದು ಎದ್ದುಹೋದೆ. ಮಗ ಮಾತ್ರ ಅದನ್ನು ಎಷ್ಟು ಸಲ ನೋಡಿದನೋ ಲೆಕ್ಕವಿಲ್ಲ. ಜಾನ್ ಆಂಡರ್‌ಸನ್ ಹಾಡಿರುವ ಕೊನೆಯ ಹಾಡು ಅವನಿಗೆ ಬಾಯಿಪಾಠ. ನಾನು ಸುಳಿದಾಗಲೆಲ್ಲ "ಇನ್ನೂ ಆ ಮಿಷಿನ್ ಸಂಗೀತವಾ?" ಎನ್ನುತ್ತಿದ್ದೆ.

2002ರಲ್ಲಿ ಎರಡೂ ಆವೃತ್ತಿಗಳಿರುವ ಡಿವಿಡಿ ಬಂತು. ಅದರಲ್ಲಿ ಸುಮಾರು 113 ನಿಮಿಷದ ನಿರ್ದೇಶಕರ ಆವೃತ್ತಿಗೆ ಗೋಲ್ಡ್‌ಸ್ಮಿತ್ ಅವರ ಸಂಗೀತ ಮರಳಿತ್ತು. ಈಗ ತೀರ್ಪು ನನ್ನ ಪರ ಆಗುತ್ತದೆಂದು ಹದಿನೈದರ ಮಗನನ್ನು ಕೂರಿಸಿಕೊಂಡು ಹಾಕಿದೆ. ಅವನು ಕೊನೆಯವರೆಗೂ ಸುಮ್ಮನೆ ನೋಡಿ, "ಅಪ್ಪಾ, ಇದು ಚೆನ್ನಾಗಿದೆ. ಆದರೆ ನನ್ನ ಲೆಜೆಂಡ್ ಇದಲ್ಲ. ನೀವು ನನ್ನದನ್ನು ಒಂದು ಸಲವಾದರೂ ಪೂರ್ತಿ ನೋಡಿದ್ದೀರಾ?" ಎಂದ. ನೋಡಿರಲಿಲ್ಲ. ರೋಗಿಯನ್ನು ಮುಟ್ಟದೆ ರೋಗ ಹೆಸರಿಸಿದ ವೈದ್ಯನ ಸ್ಥಿತಿ ನನ್ನದು.

ಕೇಳುಗರ ವಾದಗಳು

ಅಂದಿನಿಂದ ಈ ಚಿತ್ರದ ಬಗ್ಗೆ ಕೇಳುಗರು ಆಡುವ ಮಾತನ್ನು ಗಮನವಿಟ್ಟು ಕೇಳುತ್ತಾ ಬಂದಿದ್ದೇನೆ. ಅಭಿಪ್ರಾಯಗಳು ಸ್ಥೂಲವಾಗಿ ಮೂರು ಬಗೆಯವು.

ಮೊದಲನೆಯ ಪಂಗಡದವರಿಗೆ ಗೋಲ್ಡ್‌ಸ್ಮಿತ್ ಅವರದ್ದೇ ನಿಜವಾದ ಸಂಗೀತ. ರಾವೆಲ್‌ನ 'ದಾಫ್ನಿಸ್ ಎ ಕ್ಲೋಯೆ'ಯ ನೆನಪು ತರುವ ಗಾಯಕವೃಂದ, ಕೊಳಲು, ಹಾರ್ಪ್ ಇವುಗಳಿಂದ ಕಥೆಗೆ ಕಾಲಾತೀತ ಗುಣ ಬರುತ್ತದೆ ಎನ್ನುತ್ತಾರೆ. ಎರಡನೆಯವರಿಗೆ ಟ್ಯಾಂಜರೀನ್ ಡ್ರೀಮ್ ಇಲ್ಲದೆ ಈ ಚಿತ್ರವೇ ಇಲ್ಲ. ಇದು ಕನಸಿನ ಲೋಕ, ಕನಸಿಗೆ ಪಿಟೀಲು ಏಕೆ ಎಂಬುದು ಅವರ ಪ್ರಶ್ನೆ. ಮೂರನೆಯವರ ಮಾತು ನನಗೆ ಹೆಚ್ಚು ಕುತೂಹಲಕರ. ಅವರು ಗೋಲ್ಡ್‌ಸ್ಮಿತ್ ಅಭಿಮಾನಿಗಳೇ, ಆದರೆ ಅಷ್ಟು ಚೆಂದದ ಆರ್ಕೆಸ್ಟ್ರಾದ ನಡುವೆ ಆ ಸಿಂಥಸೈಜರಿನ ಗೊರಗೊರ, ಠಣಠಣ ಏಕೆ ಬೇಕಿತ್ತು, ಹಬ್ಬದೂಟದಲ್ಲಿ ಕಲ್ಲು ಸಿಕ್ಕಂತಾಯಿತು ಎಂದು ದೂರುತ್ತಾರೆ.

ಮೊದಲ ಎರಡು ಪಂಗಡದವರನ್ನು ಒಂದೇ ಪ್ರಶ್ನೆ ಕೇಳಿದರೆ ಸಾಕು: ಮೊದಲು ಯಾವುದನ್ನು ಕೇಳಿದಿರಿ? ನಾನು ಕೇಳಿದವರಲ್ಲಿ ಬಹುಪಾಲು ಜನ ಮೊದಲು ಕೇಳಿದ್ದರ ಪರವೇ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಪದೇ ಪದೇ ಎದುರಾದದ್ದು ಪ್ರಿಯವಾಗುತ್ತದೆಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಾಂಕ್ 1968ರಲ್ಲೇ ತೋರಿಸಿದ್ದರು. ಕೇಳಿದ ಸಾಧನವೂ ಮುಖ್ಯ. ನಾನು ಕೇಳಿದ್ದು ಚಿತ್ರಮಂದಿರದಲ್ಲಿ, ಮಗ ಕೇಳಿದ್ದು ನಮ್ಮ ಟಿವಿಯ ಒಂದು ಪುಟ್ಟ ಸ್ಪೀಕರಿನಲ್ಲಿ. ವಾದ್ಯವೃಂದದ ಅತಿ ಮೆಲುದನಿ ಅಂಥ ಕಡೆ ಕರಗಿಹೋಗುತ್ತದೆ. ಒಂದೇ ಮಟ್ಟದಲ್ಲಿ ಹರಿಯುವ ಸಿಂಥಸೈಜರ್ ಅಷ್ಟು ಸುಲಭವಾಗಿ ಕಳೆದುಹೋಗುವುದಿಲ್ಲ.

ಮೂರನೆಯದು ಕಿವಿ. ವಯಸ್ಸಾದಂತೆ ನಮ್ಮ ಶ್ರವಣಶಕ್ತಿ ಮೊದಲು ಕುಂದುವುದು ಎತ್ತರದ ಸ್ವರಗಳಲ್ಲಿ. ನನಗೀಗ ಎರಡೂ ಕಿವಿಗೆ ಯಂತ್ರವಿದೆ. ಮೊದಲ ಸಲ ಅದನ್ನು ಹಾಕಿಕೊಂಡು ಕೇಳಿದಾಗ, ಕುದುರೆಗಳು ಕಾಣಿಸಿಕೊಳ್ಳುವ ದೃಶ್ಯದ ಮಿನುಗುವ ಸದ್ದುಗಳು ಮತ್ತೆ ಬಂದವು. ಹತ್ತು ವರ್ಷಗಳಿಂದ ಅವು ನನ್ನ ಪಾಲಿಗೆ ಇರಲೇ ಇಲ್ಲ. ಆದರೂ ಆ ಹತ್ತು ವರ್ಷ ಈ ಸಂಗೀತದ ಬಗ್ಗೆ ಅಧಿಕಾರವಾಣಿಯಲ್ಲಿ ಮಾತಾಡಿದ್ದೆ!

ಹಾಗಾದರೆ ತೀರ್ಪೇ ಇಲ್ಲವೇ?

ಎಲ್ಲವೂ ಅಭ್ಯಾಸಬಲ ಎಂದು ಕೈಚೆಲ್ಲುವುದು ಸೋಮಾರಿತನ. ಸಂಗೀತಕ್ಕೆ ಚಿತ್ರದಲ್ಲಿ ಯಾವ ಕೆಲಸ ಒಪ್ಪಿಸಿದ್ದಾರೆ, ಅದು ಆ ಕೆಲಸ ಮಾಡಿತೇ ಎಂದು ಕೇಳಬಹುದು.

ಗೋಲ್ಡ್‌ಸ್ಮಿತ್ ಸಿಂಥಸೈಜರನ್ನು ಪಿಟೀಲಿನ ಬದಲಿಗೆ, ಖರ್ಚು ಉಳಿಸಲು ಬಳಸಿದವರಲ್ಲ. ತಂತಿ, ಊದುವ, ಹಿತ್ತಾಳೆ, ತಾಳವಾದ್ಯಗಳ ಜೊತೆ ಅದನ್ನು ಆರ್ಕೆಸ್ಟ್ರಾದ ಐದನೆಯ ವಿಭಾಗವಾಗಿ ಕಂಡವರು. 1976ರ 'ಲೋಗನ್ಸ್ ರನ್' ನೋಡಿ: ಗುಮ್ಮಟದೊಳಗಿನ ಕೃತಕ ನಗರದಲ್ಲಿ ಎಲೆಕ್ಟ್ರಾನಿಕ್ ಸದ್ದು, ನಾಯಕ ಹೊರಬಂದು ಸೂರ್ಯನನ್ನು ಕಂಡಾಗ ಪೂರ್ಣ ವಾದ್ಯವೃಂದ. 'ಲೆಜೆಂಡ್'ನಲ್ಲೂ ಇಂಥ ಹಂಚಿಕೆ ಇದೆ. ಜಾಕ್ ಮತ್ತು ಲಿಲಿಯ ಪ್ರೀತಿ ಕಂಠ ಮತ್ತು ತಂತಿವಾದ್ಯಗಳ ಪಾಲಿಗೆ. ಕುದುರೆಯ ಕೊಂಬು ಕತ್ತರಿಸುವ ಗಾಬ್ಲಿನ್ ಎಂಬ ಕುಳ್ಳ ಪಿಶಾಚಿಗಳ ಪಾಲಿಗೆ ಆ ಒರಟು ಸಿಂಥಸೈಜರ್. ಅವು ಈ ಕಾಡಿಗೆ ಸೇರಿದವಲ್ಲ, ಅವುಗಳ ಸದ್ದೂ ಈ ವಾದ್ಯವೃಂದಕ್ಕೆ ಸೇರಬಾರದು. ಕಲ್ಲು ಸಿಕ್ಕಿತೆಂದು ದೂರುವವರಿಗೆ ನನ್ನ ಉತ್ತರ: ಅಲ್ಲಿ ಕಲ್ಲು ಸಿಗಬೇಕೆಂದೇ ಅವರು ಬರೆದದ್ದು. ಹಾಗೆಂದು ಆ ಸದ್ದುಗಳೆಲ್ಲ ಇಂದಿಗೂ ಹೊಸದಾಗಿವೆ ಎನ್ನಲಾರೆ. ಕೆಲವು ಕಡೆ 1985ರ ಕೀಬೋರ್ಡಿನ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಯೋಜನೆ ಹಳತಾಗಿಲ್ಲ, ಬಣ್ಣ ಸ್ವಲ್ಪ ಮಾಸಿದೆ.

ತಮಸ್ಸಿನ ಒಡೆಯ ಲಿಲಿಯನ್ನು ಮೋಹಿಸಲು ಕಪ್ಪು ಉಡುಪೊಂದನ್ನು ಕುಣಿಸುವ ದೃಶ್ಯದಲ್ಲಿ ಗೋಲ್ಡ್‌ಸ್ಮಿತ್ ಎಲ್ಲರಿಗಿಂತ ಮೇಲೆ ನಿಲ್ಲುತ್ತಾರೆ. ಅಲ್ಲಿ ಭಯಂಕರ ಸದ್ದಿಲ್ಲ, ಮೂರು ತಾಳದ ವಾಲ್ಟ್ಸ್ ಇದೆ. ಕೆಡುಕು ಸುಂದರವಾಗಿ ಬಂದಾಗಲೇ ಅಪಾಯ ಹೆಚ್ಚು ಎಂಬುದನ್ನು ಮಾತಿಲ್ಲದೆ ಹೇಳುವ ಸಂಗೀತವದು.

ಈಗ ಮಗನ ಪಕ್ಷ. ಅವನ ಆವೃತ್ತಿಯನ್ನು ಕೊನೆಗೂ ಪೂರ್ತಿ ನೋಡಿದೆ, ಒಂದಲ್ಲ ಮೂರು ಸಲ. ಮೊದಲಿಗೆ ಒಪ್ಪಬೇಕಾದದ್ದು, ಈ ಹೋಲಿಕೆ ಶುದ್ಧ ಪ್ರಯೋಗವಲ್ಲ. ಸಂಗೀತದ ಜೊತೆ ಚಿತ್ರದ ಉದ್ದ, ದೃಶ್ಯಗಳ ಕ್ರಮ ಎಲ್ಲವೂ ಬದಲಾಗಿವೆ. ಎರಡು ಔಷಧಿ ಒಟ್ಟಿಗೆ ಬದಲಿಸಿ ಯಾವುದರಿಂದ ಜ್ವರ ಇಳಿಯಿತು ಎಂದು ಕೇಳಿದ ಹಾಗೆ. ವೇಗವಾಗಿ ಓಡುವ ಆ 89 ನಿಮಿಷದ ಚಿತ್ರಕ್ಕೆ ಗೋಲ್ಡ್‌ಸ್ಮಿತ್ ಅವರ ನಿಧಾನದ ಆಲಾಪ ಒಗ್ಗುತ್ತಿರಲಿಲ್ಲ. ಟ್ಯಾಂಜರೀನ್ ಡ್ರೀಮ್ ಒಂಟಿಕೊಂಬಿನ ಕುದುರೆಗೆ ಕೊಟ್ಟ ರಾಗ ನಿಜಕ್ಕೂ ಇಂಪಾಗಿದೆ. ಅದೇ ರಾಗ ಕೊನೆಗೆ ಹಾಡಾಗಿ ಅರಳುತ್ತದೆ. ನಾನು ನಕಲಿ ಎಂದದ್ದರಲ್ಲಿ ಒಂದು ಎಳೆ ಇತ್ತು, ನನಗೆ ಕೇಳಿಸಿರಲಿಲ್ಲ. ಅದು ಸೋಲುವುದು ಒಂದೇ ಕಡೆ: ಕಾಡು, ಗುಹೆ, ಪ್ರೇಮ, ಪಿಶಾಚಿ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ನಾದದ ಹೊದಿಕೆ. ಯಾರು ಯಾರೆಂದು ಕಿವಿಗೆ ಗುರುತು ಹತ್ತುವುದಿಲ್ಲ.

ಆದ್ದರಿಂದ ನನ್ನ ತೀರ್ಪು ಇಂದಿಗೂ ಗೋಲ್ಡ್‌ಸ್ಮಿತ್ ಪರ. ಆದರೆ 1986ರಲ್ಲಿ ಕೊಟ್ಟ ತೀರ್ಪಿಗೆ ಕಾರಣ ಪಕ್ಕದ ಕುರ್ಚಿಯ ಗುನುಗು, ಇಂದಿನದಕ್ಕೆ ಕಾರಣ ಸಂಗೀತ.

ನಮ್ಮ ಕನ್ನಡ ಕೂಟದ ಊಟದ ಮೇಜಿನಲ್ಲೂ ಇದೇ ಜಗಳ ಬೇರೆ ಹೆಸರಿನಲ್ಲಿ ನಡೆಯುತ್ತದೆ. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರರ ಕಾಲಕ್ಕೇ ಸಂಗೀತ ಮುಗಿಯಿತು, ಕೀಬೋರ್ಡ್ ಬಂದು ಎಲ್ಲ ಕೆಟ್ಟಿತು ಎನ್ನುವ ನನ್ನ ವಯಸ್ಸಿನವರು ಒಂದು ಕಡೆ. 1987ರ 'ಪ್ರೇಮಲೋಕ'ದ ಹಂಸಲೇಖರ ಹಾಡು ಕೇಳುತ್ತಾ ಹರೆಯ ಕಳೆದವರು ಇನ್ನೊಂದು ಕಡೆ. ನಾನೂ ಅಲ್ಲಿ ದನಿ ಏರಿಸಿದವನೇ. ಈಗ ಮಾತ್ರ ಬಾಯಿ ತೆರೆಯುವ ಮುಂಚೆ, ಎದುರಿನವರು ಮೆಚ್ಚಿದ್ದನ್ನು ಒಂದು ಸಲವಾದರೂ ಪೂರ್ತಿ ಕೇಳಿದ್ದೇನೆಯೇ ಎಂದು ನೋಡಿಕೊಳ್ಳುತ್ತೇನೆ.

ಕಳೆದ ಚಳಿಗಾಲದಲ್ಲಿ ಮಗ ತನ್ನ ಮಗಳಿಗೆ ಈ ಚಿತ್ರ ತೋರಿಸುತ್ತೇನೆಂದ. ಯಾವ ಆವೃತ್ತಿ ಎಂದು ಕೇಳಿದೆ. "ನೀವೇ ಹೇಳಿ ಅಪ್ಪ" ಎಂದು ಎರಡು ಡಿಸ್ಕನ್ನೂ ಮುಂದಿಟ್ಟ. ಅವನದನ್ನೇ ಮೊದಲು ಹಾಕು ಎಂದೆ. ಕೊನೆಯ ಹಾಡು ಬಂದಾಗ ಅಪ್ಪ, ಮಗಳು ಇಬ್ಬರೂ ಹಾಡಿದರು. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ನಿಂತು, ಲಿಲಿಯ ಹಳೆಯ ರಾಗವನ್ನು ಗುನುಗಿದಳು. ಎರಡಕ್ಕೂ ಶ್ರುತಿ ಹೊಂದಲಿಲ್ಲ. ಯಾರೂ ನಿಲ್ಲಿಸಲಿಲ್ಲ.