ರೊಕ್ಕ ಎಲ್ಲಿಂದ ಬಂತು?

ಹುಕ್ಕೇರಿಯ ನಮ್ಮ ಓಣಿಯಲ್ಲಿ ದಾದಿಮಾಳನ್ನು ಎಲ್ಲರೂ ‘ಗಿರಣಿ ಬೂಬವ್ವ’ ಎಂದೇ ಕರೆಯುತ್ತಿದ್ದರು. ಎದುರುಮನೆಯ ಲಿಂಗಾಯತ ಮುದುಕಿ, ಹಾಲು ಹಾಕುವವನು, ಅಂಚೆಯವನು ಎಲ್ಲರಿಗೂ ಅದೇ ಹೆಸರು. ಹುಡುಗರಾಗಿದ್ದಾಗ ನಾವು ಅದನ್ನು ಹಿಟ್ಟಿನ ಗಿರಣಿಯೆಂದು ತಿಳಿದಿದ್ದೆವು. ಮನೆಯಲ್ಲಿ ಯಾರೂ ತಿದ್ದಲಿಲ್ಲ. ಅದು ಗೋಕಾಕ ಫಾಲ್ಸಿನ ನೂಲಿನ ಗಿರಣಿ ಎಂದು ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ, ಅದೂ ದಾದಿಮಾಳ ಬಾಯಿಂದಲೇ.

ಎರಡನೆಯ ಮಹಾಯುದ್ಧದ ಕಾಲ. ಅಜ್ಜ ಕೆಲಸಕ್ಕೆಂದು ಮುಂಬಯಿಯ ಗೋದಿಗೆ ಹೋಗಿದ್ದರು. ಮನಿಯಾರ್ಡರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೊಣ್ಣೂರಿನಲ್ಲಿದ್ದ ದಾದಿಮಾ ಎರಡು ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು ಗಿರಣಿಗೆ ಹೋದಳು. ಬಾಬಿನ್ನಿನಿಂದ ನೂಲು ಎಳೆದು ಲಡಿ ಕಟ್ಟುವ ಕೆಲಸ. ಐದು ವರ್ಷ ಹೋದಳು. ಯುದ್ಧ ಮುಗಿದು ಅಜ್ಜ ಮರಳಿದ ಮೇಲೆ ಮನೆಯ ಮರ್ಯಾದೆಯ ಮಾತು ಬಂತು, ಗಿರಣಿ ಬಿಡಿಸಿ ಸಂಸಾರವನ್ನು ಹುಕ್ಕೇರಿಗೆ ತಂದರು. ಅಲ್ಲಿಂದ ಮುಂದೆ ನಾಲ್ಕು ದಶಕ ಆಕೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಿದಳು. ಆರು ಮಕ್ಕಳ ಮದುವೆ, ಇಪ್ಪತ್ತಕ್ಕೂ ಹೆಚ್ಚು ಮೊಮ್ಮಕ್ಕಳ ಹೆರಿಗೆ, ಎಲ್ಲವೂ ಆಕೆಯ ಕಣ್ಣೆದುರಿಗೇ ಆದವು. ಬೀಡಿಯ ಪಾಸ್‌ಬುಕ್ಕು ಮಾತ್ರ ಸೊಸೆಯ ಹೆಸರಿನಲ್ಲಿತ್ತು. 2009ರಲ್ಲಿ ತೀರಿಕೊಂಡಾಗ ಆಕೆಗೆ ಎಂಬತ್ತೈದು ದಾಟಿತ್ತು.

2005ರಲ್ಲಿ ನಾವು ಆಕೆಯ ಮೇಲೆ ಒಂದು ಕಥೆ ಬರೆದೆವು. ಅದರಲ್ಲಿ ಆಕೆ ಕೌದಿ ಹೊಲಿಯುತ್ತಾಳೆ, ತಾನು ಉಪವಾಸವಿದ್ದು ಮಕ್ಕಳಿಗೆ ಉಣಿಸುತ್ತಾಳೆ, ಎಲ್ಲರನ್ನೂ ಕ್ಷಮಿಸುತ್ತಾಳೆ. ಗಿರಣಿ ಇಲ್ಲ, ಬೀಡಿಯೂ ಇಲ್ಲ. ಮರೆತು ಬಿಟ್ಟದ್ದಲ್ಲ. ಮನೆಯಲ್ಲಿ ತಂಗಿಯ ಸಂಬಂಧದ ಮಾತು ನಡೆದಿತ್ತು. “ನಮ್ಮ ಹೆಂಗಸರು ಗಿರಣಿಗೆ ಹೋಗಿದ್ದರು ಅಂತ ಊರಿಗೆಲ್ಲಾ ಸಾರಬ್ಯಾಡ” ಎಂದು ಚಾಚಾ ಹೇಳಿದರು, ನಾವು ಒಪ್ಪಿದೆವು. ಕಥೆ ಅಚ್ಚಾಯಿತು. ಓದಿದವರು ‘ತ್ಯಾಗಮಯಿ’ ಎಂಬ ಪದ ಬಳಸಿ ಕಾಗದ ಬರೆದರು. ದಾದಿಮಾಳಿಗೆ ಕನ್ನಡ ಓದಲು ಬಾರದು. ಕಥೆಯನ್ನು ದಖನಿಯಲ್ಲಿ ಹೇಳಿ ತೋರಿಸಿದೆವು. ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದಳು: “ಪೈಸೆ ಕಾಂ ಸೇ ಆಯೆ, ಬೇಟಾ?” ಉಣಿಸಿದ್ದು ಸರಿ, ಉಣಿಸಲು ರೊಕ್ಕ ಎಲ್ಲಿಂದ ಬಂತು ಎಂಬುದು ಆಕೆಯ ತಕರಾರು.

ಇಪ್ಪತ್ತು ವರ್ಷಗಳಿಂದ ಹಲವು ವಿಮರ್ಶೆಗಳನ್ನು ಓದಿದ್ದೇವೆ, ನಾವೂ ಕೆಲವನ್ನು ಬರೆದಿದ್ದೇವೆ. ನಮ್ಮ ಬರವಣಿಗೆಯ ಮೇಲೆ ಇಷ್ಟು ನೇರವಾದ ವಿಮರ್ಶೆ ಬೇರೆ ಬಂದಿಲ್ಲ. ಈ ಪ್ರಶ್ನೆಯನ್ನು ನಮ್ಮ ಕಥೆಗಷ್ಟೇ ಕೇಳಿ ಬಿಡುವುದು ಸರಿಯಲ್ಲ. ದುಡಿದು ಬಾಳಿದ ಹೆಂಗಸರ ಬಗ್ಗೆ ನಾವೆಲ್ಲ ಬರೆಯುವ ಬಗೆಗೇ ಇದನ್ನು ಕೇಳಬೇಕಾಗಿದೆ.

ಮೊದಲು ನಮ್ಮ ನೆಲದ ಮಾತು. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವ ಗೋಕಾಕ ಫಾಲ್ಸಿನಲ್ಲಿ 1887ರಲ್ಲೇ ನೀರಿನಿಂದ ವಿದ್ಯುತ್ ತೆಗೆದರು ಎಂದು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಜಲಪಾತ, ತೂಗುಸೇತುವೆ, ಹಳೆಯ ಗಿರಣಿ ಎಲ್ಲದರ ಚಿತ್ರಗಳಿವೆ. ಯುದ್ಧಕಾಲದಲ್ಲಿ ಸೈನ್ಯಕ್ಕೆ ಬಟ್ಟೆ ಬೇಕಾಯಿತು, ದೇಶದ ಗಿರಣಿಗಳಿಗೆ ಬಿಡುವಿಲ್ಲದಂತಾಯಿತು. ಪೇಟೆಯಲ್ಲಿ ಬಟ್ಟೆ ಸಿಗದಾದಾಗ ಸರಕಾರ 1943ರಲ್ಲಿ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ತಂದಿತು. ಹಗಲೆಲ್ಲ ನೂಲು ಸುತ್ತಿದ ಹೆಂಗಸೇ ಸೀರೆಗಾಗಿ ಸರದಿಯಲ್ಲಿ ನಿಲ್ಲಬೇಕಾದ ಕಾಲವದು. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1934ರ ಕಾರ್ಖಾನೆ ಕಾಯ್ದೆ ದಿನಕ್ಕೆ 10 ಗಂಟೆ, ವಾರಕ್ಕೆ 54 ಗಂಟೆ ಎಂದು ಮಿತಿ ಹಾಕಿತ್ತು. ಮುಂಬಯಿ ಪ್ರಾಂತ್ಯದ ಹೆರಿಗೆ ಭತ್ಯೆಯ ಕಾಯ್ದೆ 1929ರಷ್ಟು ಹಿಂದೆಯೇ ಬಂದಿತ್ತು. ಕಾಯ್ದೆಯ ಪುಸ್ತಕಕ್ಕೆ ಈ ಹೆಂಗಸರು ಕಂಡಿದ್ದರು. ಕಥೆಗಾರರಾದ ನಮಗೆ ಕಾಣಲಿಲ್ಲ.

ಗೋಕಾಕ ಸೀಮೆಗೆ ಬರಹಗಾರರ ಕೊರತೆಯಿರಲಿಲ್ಲ. ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿ ಚಲೇಜಾವ್ ಚಳವಳಿಯನ್ನೇ ವಸ್ತು ಮಾಡಿಕೊಂಡು ‘ಮಾಡಿ ಮಡಿದವರು’ ಬರೆದರು. ಆ ಕಾದಂಬರಿಯ ಕೆಚ್ಚು ದೊಡ್ಡದು. ಆದರೆ ಓದುಗರಾದ ನಾವು 1942 ಎಂದೊಡನೆ ಮೆರವಣಿಗೆ, ಲಾಠಿ, ಜೈಲು ಇಷ್ಟನ್ನೇ ನೆನೆಯುವುದು ರೂಢಿಯಾಗಿದೆ. ಅದೇ ಬೆಳಗ್ಗೆ ಗಿರಣಿಯ ಭೋಂಗಾ ಕೇಳಿ ಹೊರಟ ಹೆಂಗಸು ಆ ನೆನಪಿನೊಳಗೆ ಬರುವುದಿಲ್ಲ. ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರು ಮನೆಯ ಹೆಣ್ಣನ್ನು ನಡುವಿಟ್ಟು ಬರೆದರು, ಸಾವಿರಾರು ಹೆಣ್ಣುಮಕ್ಕಳನ್ನು ಕಾದಂಬರಿಯ ಓದಿಗೆ ಎಳೆದರು. ಆ ಉಪಕಾರ ಸಣ್ಣದಲ್ಲ. ಆದರೂ ‘ಕುಲವಧು’, ‘ಧರ್ಮದೇವತೆ’ ಎಂಬ ಹೆಸರುಗಳನ್ನು ಗಮನಿಸಿ. ‘ಧರ್ಮದೇವತೆ’ 1962ರಲ್ಲಿ ಸಿನಿಮಾ ಆದಾಗ ‘ಕರುಣೆಯೇ ಕುಟುಂಬದ ಕಣ್ಣು’ ಎಂಬ ಹೆಸರು ಪಡೆಯಿತು. ಕುಲ, ಧರ್ಮ, ಕರುಣೆ ಇವು ಹೆಣ್ಣಿಗೆ ಕೊಟ್ಟ ಬಿರುದುಗಳು. ಬಿರುದು ಹೊತ್ತವಳಿಗೆ ಕೂಲಿ ಎಷ್ಟು ಎಂದು ಕೇಳುವುದು ಅಸಭ್ಯವೆನಿಸುತ್ತದೆ. ನಮ್ಮ ಕಥೆಯ ದಾದಿಮಾ ಹುಟ್ಟಿದ್ದು ಈ ಓದಿನಿಂದಲೇ.

ಇದು ಕನ್ನಡದ ದೋಷವಷ್ಟೇ ಎಂದು ತಿಳಿಯಬೇಕಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ರಿಚ್ಮಂಡ್ ಊರಿನ ನಾಲ್ಕು ಹಡಗುಕಟ್ಟೆಗಳಲ್ಲಿ ಯುದ್ಧಕಾಲದಲ್ಲಿ 747 ಹಡಗುಗಳು ತಯಾರಾದವು. ಸಾವಿರಾರು ಹೆಂಗಸರು ಅಲ್ಲಿ ಬೆಸುಗೆ ಹಾಕಿದರು. ಇಂಥ ಹೆಂಗಸರಿಗೆ ಅಮೆರಿಕ ಕೊಟ್ಟ ಹೆಸರು ‘ರಿವೆಟ್ ಹೊಡೆಯುವ ರೋಸಿ’. ತೋಳು ಮಡಿಸಿ ನಿಂತ ಹೆಂಗಸಿನ ಒಂದು ಭಿತ್ತಿಚಿತ್ರವನ್ನು ಇಂದು ನಮ್ಮ ಹುಡುಗಿಯರೂ ಅಂಗಿಯ ಮೇಲೆ ಧರಿಸುತ್ತಾರೆ. ಆ ಚಿತ್ರ 1943ರಲ್ಲಿ ಒಂದು ಕಂಪನಿಯ ಕಾರ್ಖಾನೆಗಳೊಳಗೆ ಎರಡು ವಾರ ಮಾತ್ರ ತೂಗುಬಿದ್ದಿತ್ತು. ಲೋಕಪ್ರಸಿದ್ಧವಾದದ್ದು 1980ರ ದಶಕದಲ್ಲಿ. ಹಡಗು ಕಟ್ಟಿದವರಲ್ಲಿ ಬಹುಮಂದಿ ಅದನ್ನು ಆ ಕಾಲದಲ್ಲಿ ಕಂಡೇ ಇರಲಿಲ್ಲ. ಯುದ್ಧ ಮುಗಿದೊಡನೆ ಅವರಲ್ಲಿ ಹೆಚ್ಚಿನವರ ಕೆಲಸ ಹೋಯಿತು, ಚಿತ್ರ ಉಳಿಯಿತು.

ರಿಚ್ಮಂಡಿನಲ್ಲಿ 2000ದಲ್ಲಿ ಈ ಹೆಂಗಸರ ನೆನಪಿಗೆ ರಾಷ್ಟ್ರೀಯ ಸ್ಮಾರಕ ಉದ್ಯಾನವೊಂದನ್ನು ಮಾಡಿದಾಗ ತಕರಾರು ಎತ್ತಿದವರು ಬೆಟ್ಟಿ ರೀಡ್ ಸಾಸ್ಕಿನ್ ಎಂಬ ಕಪ್ಪು ಮಹಿಳೆ. 1921ರಲ್ಲಿ ಹುಟ್ಟಿದ ಅವರು ಯುದ್ಧಕಾಲದಲ್ಲಿ ಕಪ್ಪುಜನರಿಗೆಂದೇ ಬೇರ್ಪಡಿಸಿದ್ದ ಕಾರ್ಮಿಕ ಸಂಘದ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವರು. ರೋಸಿಯ ಕಥೆ ಬಿಳಿಯ ಹೆಂಗಸಿನ ಕಥೆ, ತನ್ನ ಮನೆತನದ ಹೆಂಗಸರು ಗುಲಾಮಗಿರಿಯ ಕಾಲದಿಂದಲೂ ಹೊರಗೆ ದುಡಿಯುತ್ತಲೇ ಬಂದವರು ಎಂಬುದು ಅವರ ವಾದ. ಅವರು ಆ ಉದ್ಯಾನದಲ್ಲೇ ರೇಂಜರ್ ಆಗಿ, ನೂರು ವರ್ಷ ತುಂಬಿ 2022ರಲ್ಲಿ ನಿವೃತ್ತರಾಗುವವರೆಗೂ ಬಂದವರಿಗೆ ಆ ಬಿಟ್ಟುಹೋದ ಭಾಗವನ್ನು ಹೇಳುತ್ತಿದ್ದರು. ಮೆಚ್ಚುಗೆಯ ಚಿತ್ರದಲ್ಲಿ ಯಾರು ಕಾಣುತ್ತಿಲ್ಲ ಎಂದು ಕೇಳಿದ್ದು ಅವರ ವಿಮರ್ಶೆ.

ನಮ್ಮ ದೇಶಕ್ಕೂ ಇಂಥ ಕಥೆಯಿದೆ. ಕಲ್ಲಿದ್ದಲ ಗಣಿಯ ಒಳಗೆ ಹೆಂಗಸರು ಇಳಿಯಬಾರದೆಂದು 1937ರಲ್ಲಿ ಪೂರ್ತಿ ನಿಷೇಧವಾಗಿತ್ತು. ಯುದ್ಧಕ್ಕೆ ಕಲ್ಲಿದ್ದಲು ಸಾಲದಾದಾಗ 1943ರಲ್ಲಿ ಸರಕಾರ ಅದನ್ನು ಸಡಿಲಿಸಿ ಅವರನ್ನು ಮತ್ತೆ ಕೆಳಗೆ ಇಳಿಸಿತು. 1946ರ ಫೆಬ್ರವರಿಯಲ್ಲಿ ನಿಷೇಧ ಮರಳಿತು. ಬೇಕಾದಾಗ ರಕ್ಷಣೆ ತೆಗೆದು, ಬೇಡವಾದಾಗ ರಕ್ಷಣೆಯ ಹೆಸರಿನಲ್ಲೇ ಕಳಿಸಿದರು. ಅಜ್ಜ ಮುಂಬಯಿಯಿಂದ ಬಂದು ಹೇಳಿದ ಮಾತಿಗೂ ಇದಕ್ಕೂ ದೂರವಿಲ್ಲ.

ಹಾಗಾದರೆ ದಾದಿಮಾಳ ಪ್ರಶ್ನೆಗೆ ಉತ್ತರ ಕೊಟ್ಟ ಕನ್ನಡದ ಬರಹಗಳಿಲ್ಲವೆ? ಇವೆ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನಿಗಿಂತ ದೊಡ್ಡ ಮನೆಯ ಯಜಮಾನಿ ನಮ್ಮಲ್ಲಿ ಯಾರಿದ್ದಾರೆ? ಆಕೆಯನ್ನು ಲೇಖಕರು ಎಲ್ಲಿಯೂ ಪೂಜಿಸುವುದಿಲ್ಲ. ಕಳೆದುಹೋದ ಒಂದು ಹುಂಜಕ್ಕಾಗಿ ಆಕೆ ಕೇರಿಯೆಲ್ಲ ಜಾಲಾಡುತ್ತಾಳೆ. ಆ ಹುಂಜದ ಬೆಲೆ ಆ ಮನೆಗೆ ಎಷ್ಟು ಎಂದು ಓದುಗನಿಗೆ ತಿಳಿಯುತ್ತದೆ. ಕದ್ದ ಕಡಲೆಕಾಯಿಯನ್ನು ಮನೆಮಂದಿ ಸುತ್ತ ಕೂತು ತಿನ್ನುವಾಗಿನ ಸಂತೋಷ ಎಲ್ಲಿಂದ ಬಂತೆಂಬುದೂ ಕಾಣುತ್ತದೆ. ಗುಲ್ಬರ್ಗದ ಗಿರಣಿ ಕಾರ್ಮಿಕರೊಬ್ಬರ ಮಗಳಾಗಿ ಹುಟ್ಟಿದ ಗೀತಾ ನಾಗಭೂಷಣ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಅವರ ಹೆಂಗಸರು ಬೆವರುತ್ತಾರೆ, ಬೈಯುತ್ತಾರೆ, ಕೂಲಿಗಾಗಿ ಜಗಳವಾಡುತ್ತಾರೆ. ಪ್ರೀತಿಗೂ ಲೆಕ್ಕಕ್ಕೂ ವೈರ ಇರಬೇಕಿಲ್ಲ ಎಂದು ಈ ಇಬ್ಬರನ್ನು ಓದಿದರೆ ತಿಳಿಯುತ್ತದೆ.

ಮುಸ್ಲಿಂ ಕಥೆಗಾರರಾದ ನಮ್ಮ ಪಾಲಿನ ತಪ್ಪನ್ನೂ ಹೇಳಬೇಕು. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅವರಂಥವರು ಮನೆಯೊಳಗಿನ ಅನ್ಯಾಯವನ್ನು ಹೇಳಲು ದೊಡ್ಡ ಬೆಲೆ ತೆತ್ತರು. 2025ರಲ್ಲಿ ಬಾನು ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹಿಗ್ಗಿದೆವು. ಅವರು ತೆರೆದ ಬಾಗಿಲಲ್ಲಿ ಬಂದ ನಾವು ತಲಾಖು, ಪರದೆ, ವರದಕ್ಷಿಣೆಗಳ ಸುತ್ತಲೇ ಸುತ್ತಿದೆವು. ಸಂಕೇಶ್ವರ, ನಿಪ್ಪಾಣಿ ಕಡೆ ಹೋದರೆ ಬೀಡಿ ಎಲೆಯ ವಾಸನೆಯಿಲ್ಲದ ಬಡ ಓಣಿ ಸಿಗುವುದು ಕಷ್ಟ. ಪರದೆಯೊಳಗೆ ಕೂತವಳೂ ಸಾವಿರ ಬೀಡಿಯ ಲೆಕ್ಕ ಒಪ್ಪಿಸಬೇಕಿತ್ತು. ಪರದೆಯನ್ನು ಬಯ್ದವರೂ ಹೊಗಳಿದವರೂ ಬಟ್ಟೆಯನ್ನೇ ನೋಡಿದರು, ಅದರ ಹಿಂದೆ ಆಡುತ್ತಿದ್ದ ಬೆರಳುಗಳನ್ನು ನೋಡಲಿಲ್ಲ.

ತಾಯಿಯ ಮಮತೆಯನ್ನು ಕೂಲಿಯ ಲೆಕ್ಕಕ್ಕೆ ಇಳಿಸುವುದೆ ಎಂದು ಕೆಲವರು ಕೇಳಬಹುದು. ಲೆಕ್ಕ ಕೇಳಿದವಳು ದಾದಿಮಾಳೇ ಎಂಬುದೊಂದೇ ನಮ್ಮ ಉತ್ತರ. ಆಕೆಗೆ ಗಿರಣಿಯ ಬಗ್ಗೆ ನಾಚಿಕೆಯಿರಲಿಲ್ಲ. ಎಳೆ ಕಡಿದಾಗ ಎರಡು ಬೆರಳಲ್ಲಿ ಗಂಟು ಹಾಕುವ ಬಗೆಯನ್ನು ಮುಪ್ಪಿನಲ್ಲೂ ಸೆರಗಿನ ದಾರ ಹಿಡಿದು ತೋರಿಸುತ್ತಿದ್ದಳು. ನಾಚಿಕೆ ನಮ್ಮದಾಗಿತ್ತು. ತ್ಯಾಗಮಯಿ ಎಂದು ಕರೆದು ನಾವು ಮುಚ್ಚಿದ್ದು ಆ ನಾಚಿಕೆಯನ್ನು.

ಈಗ ಆ ಕಥೆಯನ್ನು ತಿದ್ದಿ ಬರೆಯಲು ಕೂತಿದ್ದೇವೆ. ತಂಗಿಯ ಮಗಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ. ಗಿರಣಿಯ ಸಂಗತಿ ಬರೆಯಲು ಅವಳೇ ಒತ್ತಾಯಿಸುತ್ತಾಳೆ. ಮೊದಲ ಪುಟದಲ್ಲೇ ತೊಡಕಾಯಿತು. ವಾರದ ಬಟವಾಡೆಯ ದಿನ ದಾದಿಮಾ ಗಿರಣಿಯಿಂದ ಹೊರಗೆ ಬರುತ್ತಾಳೆ, ಸೆರಗಿನ ತುದಿಯಲ್ಲಿ ರೊಕ್ಕ ಕಟ್ಟಿಕೊಂಡಿದ್ದಾಳೆ. ಎಷ್ಟು ರೊಕ್ಕ? ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಒಂದೇ ಮನೆಯಲ್ಲಿದ್ದೆವು, ಆಕೆಯ ಪ್ರಶ್ನೆಯನ್ನೂ ಕೇಳಿಸಿಕೊಂಡಿದ್ದೆವು. ಕೂಲಿ ಎಷ್ಟಿತ್ತು ದಾದಿಮಾ ಎಂದು ಮಾತ್ರ ನಾವು ಒಮ್ಮೆಯೂ ಕೇಳಿರಲಿಲ್ಲ.